ನಾಲ್ಕನೆಯ ಆರೋಪಿ

ಬಠಿಂಡಾ ಕೋರ್ಟಿನ ಆವರಣದಲ್ಲಿ ಹನ್ನೊಂದಾದರೂ ಮಂಜು.
ತಗಡಿನ ಸೂರಿನಡಿ ಟೈಪು ಮಾಡುವವನು
ಅಂಗೈ ಉಜ್ಜಿಕೊಂಡು, ಕಡಲೆಕಾಯಿ ಸಿಪ್ಪೆ ಊದಿ,
ನನ್ನ ಆರು ವರ್ಷಗಳನ್ನು ಎರಡು ಪುಟಕ್ಕೆ ಇಳಿಸಿದ.
ಪುಟಕ್ಕೆ ಮೂವತ್ತು ರೂಪಾಯಿ.

ಮೇಲೆ ದಪ್ಪಕ್ಷರದಲ್ಲಿ ರಾಜಿನಾಮಾ.
ಕೆಳಗೆ, ಹಿರಿಯರ ಮಧ್ಯಸ್ಥಿಕೆಯಲ್ಲಿ, ಸ್ವಇಚ್ಛೆಯಿಂದ,
ಯಾರ ಒತ್ತಡವೂ ಬೆದರಿಕೆಯೂ ಇಲ್ಲದೆ —
ಈ ಸಾಲು ಹೊಡೆಯುವಾಗ ಅವನು ನನ್ನ ಮುಖ ನೋಡಲಿಲ್ಲ.
ಬೆರಳುಗಳಿಗೆ ಬಾಯಿಪಾಠ.

ಹದಿನಾಲ್ಕು ಲಕ್ಷ. ಅರ್ಧ ಬಂದಿದೆ.
ಇನ್ನರ್ಧದ ಡ್ರಾಫ್ಟು ಸುಖಚೈನನ ವಕೀಲರ
ಕರಿಕೋಟಿನ ಒಳಜೇಬಿನಲ್ಲಿ;
ಇಲ್ಲಿ ನಾನು ಹೇಳಿದ್ದು ಚಂಡೀಗಢಕ್ಕೆ ಹೋಗಿ
ದೊಡ್ಡ ಕೋರ್ಟು ಕೇಸು ಹೊಡೆದುಹಾಕಿದ ದಿನ
ಅದು ಹೊರಬರುತ್ತದೆ.
ಹೊಲಿಗೆ ಯಂತ್ರ, ಕಬ್ಬಿಣದ ಪೆಟ್ಟಿಗೆ, ಹನ್ನೊಂದು ರಜಾಯಿ,
ಎಮ್ಮೆಯ ಬದಲಿಗೆ ಹಣ —
ಎಲ್ಲ ಪಟ್ಟಿಯಲ್ಲಿದೆ, ಎಲ್ಲಕ್ಕೂ ಗುರುತು ಬಿದ್ದಿದೆ.
ನನ್ನ ಬಲಗಿವಿ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿಲ್ಲದ ಇನ್ನೊಂದು ಈ ಪ್ಲಾಸ್ಟಿಕ್ ಚೀಲದಲ್ಲಿದೆ.

ಅವರು ನಾಲ್ವರೂ ಒಂದೇ ಬೆಂಚಿನ ಮೇಲೆ.
ಗಂಡ, ಅತ್ತೆ, ಮಾವ; ತುದಿಯಲ್ಲಿ
ಗೋಡೆಗೆ ಒರಗದೆ ನೇರ ಕೂತವಳು ನಾದಿನಿ ರಮನೀಕ್.
ಕಾಲೇಜಿನಲ್ಲಿ ಹಾಕಿ ಆಡುತ್ತಿದ್ದಳು, ಬಲಗಡೆಯ ಅಂಚಿನಲ್ಲಿ.
ಪೊಲೀಸು ಕೆಲಸಕ್ಕೆ ಓಟದಲ್ಲಿ ಪಾಸು, ಎತ್ತರದಲ್ಲಿ ಪಾಸು,
ಕಾಗದ ತನಿಖೆಗೆ ಬಂದಾಗ ನನ್ನ ದೂರಿನಲ್ಲಿ ಅವಳ ಹೆಸರು.
ಈ ಮಾಘಕ್ಕೆ ವಯಸ್ಸೂ ಮೀರಿತು ಅಂತ ಯಾರೋ ಹೇಳಿದರು.
ನಾನಾಗಿ ಕೇಳಿರಲಿಲ್ಲ.

ಆ ರಾತ್ರಿ ಹಿತ್ತಿಲ ಅಗುಳಿ ತೆಗೆದವಳು ಅವಳು.
ಬರಿಗಾಲಲ್ಲಿದ್ದೆ. ತನ್ನ ಬೂಟು ಬಿಚ್ಚಿ ಕೊಟ್ಟಳು,
ಲೇಸು ತಾನೇ ಬಿಗಿದಳು,
'ಕಾಲುವೆ ದಂಡೆ ಹಿಡಿ, ಅಲ್ಲಿ ನಾಯಿಗಳಿಲ್ಲ' ಅಂದಳು.
ಒಂದು ಅಳತೆ ದೊಡ್ಡದಿದ್ದ ಬೂಟಿನಲ್ಲಿ
ತವರಿನ ಬಾಗಿಲು ಬಡಿದೆ.

ಮೂರನೇ ದಿನ ಠಾಣೆಯ ಮುನ್ಷಿ ಕೇಳಿದ,
ಮನೆಯಲ್ಲಿ ಇನ್ಯಾರಿದ್ದಾರೆ?
ಹೆಸರು ಹೆಚ್ಚಿದಷ್ಟೂ ಅರ್ಜಿಗೆ ತೂಕ.
ಅಪ್ಪ ನನ್ನ ಕಡೆ ನೋಡಿದ.
ಬಲಗಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು,
ಕೇಳಿಸಲಿಲ್ಲ ಎನ್ನಬಹುದಿತ್ತು.
ಕೇಳಿಸಿತ್ತು. ಎಡಗಿವಿ ಚೆನ್ನಾಗಿಯೇ ಇತ್ತು.
ಹೆಸರು ಹೇಳಿದೆ, ವಯಸ್ಸೂ ಹೇಳಿದೆ.
ಅವಳ ಬೂಟು ಆಗಲೂ ನನ್ನ ಕಾಲಲ್ಲೇ ಇತ್ತು.

ಬಲ್ಜಿಂದರ್ ಕೌರ್, ಎಂದು ಕೂಗಿದರು.
ಒಳಗೆ ಹೀಟರಿನ ಒಂದು ಕೊಳವೆ ಮಾತ್ರ ಕೆಂಪು.
ಮ್ಯಾಜಿಸ್ಟ್ರೇಟರು ನನಗಿಂತ ಚಿಕ್ಕವರು, ನೆಗಡಿಯಾಗಿತ್ತು.
ನಾಲ್ವರ ಮೇಲಿನ ಪ್ರಕರಣ ರದ್ದಾದರೆ ನಿಮ್ಮ ಅಭ್ಯಂತರ ಇದೆಯೆ?
ಎಡಗಿವಿ ಅವರ ಕಡೆ ತಿರುಗಿಸಿದೆ.

ಹೇಳಬೇಕೆಂದಿದ್ದೆ:
ಮೊದಲ ಮೂವರನ್ನು ಬಿಟ್ಟಿದ್ದೇನೆ,
ಬಿಟ್ಟದ್ದು ನಾನು, ಹಾಗೆಂದೇ ಬರೆದುಕೊಳ್ಳಿ.
ನಾಲ್ಕನೆಯವಳನ್ನು ಬಿಡಲು
ನನ್ನ ಕೈಯಲ್ಲಿ ಏನೂ ಇರಲಿಲ್ಲ.
ನಿನ್ನೆ ಇದನ್ನೇ ಕೇಳಿದಾಗ ನನ್ನ ವಕೀಲರು
ಪೆನ್ನಿನ ಮುಚ್ಚಳ ಹಾಕಿದರು:
'ಒಂದು ಸುಳ್ಳು ಅಂದರೆ ಎಲ್ಲವೂ ಸುಳ್ಳಾಗುತ್ತದೆ ಮಗಳೇ.
ಡ್ರಾಫ್ಟು ನೆನಪಿರಲಿ.'

ಅಭ್ಯಂತರವಿಲ್ಲ, ಅಂದೆ.
ಬರೆದುಕೊಂಡವನು 'ಯಾರ ಮೇಲೂ' ಎಂದು ಸೇರಿಸಿದ.
ಓದಿ ಹೇಳಿದ. ಸರಿ ಅಂದೆ.
ಸಹಿ, ಹೆಬ್ಬೆಟ್ಟು, ಆಧಾರಿನ ನಕಲು.

ಹೊರಗೆ ನಲ್ಲಿಯ ಹತ್ತಿರ ಒಬ್ಬಳೇ ಸಿಕ್ಕಳು.
ಚೀಲ ಚಾಚಿದೆ. ಬಿಚ್ಚಿ ನೋಡಿದಳು.
ಅಡಿಯ ರಬ್ಬರು ಮುಳ್ಳುಗಳ ಮೇಲೆ ಬೆರಳು ಓಡಿಸಿದಳು,
ಮಣ್ಣು ಹುಡುಕುವ ಹಾಗೆ.
'ತೊಳೆದಿದ್ದೀಯ,' ಅಂದಳು.

ಅತ್ತೆ ಕರೆಯುತ್ತಿದ್ದರು, ಬಸ್ಸಿಗೆ ಹೊತ್ತಾಯಿತೆಂದು.
ಅವಳು ಚೀಲವನ್ನು ಶಾಲಿನೊಳಗೆ ತೂರಿಸಿಕೊಂಡಳೋ
ನಲ್ಲಿಯ ಕಟ್ಟೆಯ ಮೇಲೇ ಬಿಟ್ಟಳೋ
ನಾನು ತಿರುಗಿ ನೋಡಲಿಲ್ಲ.
ಗೇಟಿನ ಹತ್ತಿರ ಮಂಜಿನಲ್ಲಿ
ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು.
ಬಲಗಡೆಯಿಂದ.