ಐದನೆಯ ಕಲಮು

ವಾಸ್ಕೋದಲ್ಲಿ ಬಿಳಿ ಕಾಗದ ಬಹಳ ಹೊತ್ತು ಬಿಳಿಯಾಗಿರುವುದಿಲ್ಲ.
ಬಂದರದ ಕಡೆಯಿಂದ ಗಾಳಿ ತಿರುಗಿತೆಂದರೆ
ಕಲ್ಲಿದ್ದಲ ಧೂಳು ತಗಡಿನ ಸಂದಿಯಲ್ಲಿ ಇಳಿದು
ಅನ್ನದ ಮೇಲೆ, ದೇವರ ಜಗಲಿಯ ಮೇಲೆ,
ಈ ವಾರ ಬಂದ ಎರಡು ಪತ್ರಗಳ ಮೇಲೆ
ಒಂದೇ ಸಮ ಕೂರುತ್ತದೆ. ಅದಕ್ಕೆ ಭೇದವಿಲ್ಲ.
ಭೇದ ನನಗೆ.

ಒಂದು ಮಡಗಾಂವಿನದು. ಫೀಸಿಲ್ಲ, ಹಾಸ್ಟೆಲು ಬಿಟ್ಟಿ,
ಪುಸ್ತಕಕ್ಕೆಂದು ವರ್ಷಕ್ಕೆ ಒಂಬತ್ತು ಸಾವಿರ.
ಬಸ್ಸಿನ ಕಂಡಕ್ಟರಿಗೂ ಆ ಕಾಲೇಜು ನೆನಪಿರುವುದಿಲ್ಲ,
ಆಸ್ಪತ್ರೆ ದಾಟಿ ಅನ್ನಬೇಕು.

ಇನ್ನೊಂದು ದೂರದ್ದು, ಹೆಸರಿನದು.
ಆ ಹೆಸರು ಕೇಳಿ ಬ್ಯಾಂಕಿನ ಮ್ಯಾನೇಜರು
ಕುರ್ಚಿಯಿಂದ ಅರ್ಧ ಎದ್ದ.
"ಮನೆ ಸ್ವಂತದ್ದೇ? ಕಾಗದಪತ್ರ?" ಅಂದವನು
ನನ್ನ ಉತ್ತರಕ್ಕೆ ಮೊದಲೇ
ಎದ್ದ ಅರ್ಧವನ್ನೂ ಇಳಿಸಿ ಕೂತ.

ಮನೆ ಇದೆ. ಕಾಗದವಿಲ್ಲ.
ಕಾಗದ ಒಮ್ಮೆ ಮಾತ್ರ ಬಾಗಿಲಿಗೆ ಬಂದಿತ್ತು,
ನಾನಾಗ ನಾಲ್ಕನೆತ್ತೆ. ಅಂಟು ಇನ್ನೂ ಹಸಿ.
ಓಣಿಯಲ್ಲಿ ಇಂಗ್ಲಿಷು ಕೂಡಿಸಿ ಓದುವವಳು ನಾನೊಬ್ಬಳೆಂದು
ಅಪ್ಪ ಹೆಗಲಿಗೇರಿಸಿ ಓದಿಸಿದ.
"ಉದ್ದನ ಶಬ್ದ ಒಂದೈತಪ್ಪಾ, ಮೂರು ಸಲ ಬಂದೈತಿ,
ನಮ್ಮ ಹೆಸರ ಇರಬೇಕು."
ಅನ್‌ಆಥರೈಸ್ಡ್.
ಏಳು ದಿನಕ್ಕೆ ಜೇಸೀಬಿ ಬಂತು.
ಈಗಿರುವ ಗೋಡೆ ಆಮೇಲಿನದು.

ಕಾಯ್ತಾನ್ ಮಾಮ, ಪಾವಿನ ಭಟ್ಟಿಯವನು,
ಆರು ವರ್ಷ ಬೆಳಗಿನ ಐದಕ್ಕೆ ನನ್ನಿಂದ ಲೆಕ್ಕ ಬರೆಸಿದವನು,
ಹಿಟ್ಟಿನ ಕೈಯಲ್ಲೇ ಅಂಗಡಿಯ ಪತ್ರ ತಂದ.
"ಜಾಮೀನಿಗೆ ನಾ ನಿಲ್ಲತೇನಿ," ಅಂದ,
ನಮ್ಮಿಂದಲೇ ಕಲಿತ ಕನ್ನಡದಲ್ಲಿ.

ಜಾಮೀನು.
ಸಾಲಕ್ಕೂ ಅದೇ ಮಾತು, ಜೈಲಿಗೂ ಅದೇ.
ರಾತ್ರಿಯೆಲ್ಲ ಹದಿನೆಂಟು ಲಕ್ಷವನ್ನು
ಐದು ರೂಪಾಯಿಯ ಪಾವಿನಿಂದ ಭಾಗಿಸಿದೆ.
ಮೂರು ಲಕ್ಷ ಅರವತ್ತು ಸಾವಿರ ಪಾವು.
ಸೈಕಲ್ಲಿನ ಪೊಂಪೊಂ ಕೇಳದ
ಒಂದು ಬೆಳಗು ಕಣ್ಣಿಗೆ ಕಟ್ಟಿತು.

ರಾತ್ರಿ ಪಾಳಿ ಮುಗಿಸಿ ಅಪ್ಪ ಬಂದ, ಹುಬ್ಬಿನ ತನಕ ಕಪ್ಪು.
"ದೊಡ್ಡ ಸಾಲ್ಯಾಗ ಕಲತಾಕಿ ಎದ್ದು ನಿಂತರ
ಜಡ್ಜ ನೆಟ್ಟಗ ಕುಂದರತಾನೇನು?"
ಚೇಷ್ಟೆಯಲ್ಲ, ನಿಜವಾಗಿ ಕೇಳಿದ್ದ.
ನಾನೂ ನಿಜ ಹೇಳಿದೆ: "ಹೂಂ. ಸ್ವಲ್ಪ."

ಸೊಪ್ಪಿನ ಬುಟ್ಟಿ ಇಳಿಸದೆ ಅವ್ವ ನಿಂತಲ್ಲೇ ಅಂದಳು,
"ಕರೀ ಕೋಟು ಎರಡೂ ಕಡೆ ಒಂದ ಅಲ್ಲಾ?
ಚೊಲೋ ಆತು. ಈ ಊರ ಧೂಳ ಅದರ ಮ್ಯಾಲ ಕಾಣೂದಿಲ್ಲ."

ಮಡಗಾಂವಿನ ಪತ್ರ ಮತ್ತೆ ತೆಗೆದೆ,
ಈ ಸಲ ಸಣ್ಣಕ್ಷರದ ತನಕ ಇಳಿದೆ.
ಐದನೆಯ ಕಲಮು: ಪ್ರತಿ ವರ್ಷ ತರಗತಿಯ ಮೊದಲ ಹತ್ತರೊಳಗೆ
ಬಾರದಿದ್ದಲ್ಲಿ ಸವಲತ್ತು ತಂತಾನೇ ರದ್ದು.
ಇದೇ ಪತ್ರ ಇಪ್ಪತ್ತು ಮಂದಿಗೆ ಹೋಗಿದೆಯೆಂದು
ಎರಡನೆಯ ಕಲಮೇ ಹೇಳುತ್ತದೆ.
ಅಂದರೆ ಹತ್ತು ಮಂದಿ ಬೀಳಲೇಬೇಕು,
ಒಬ್ಬರೂ ತಪ್ಪು ಮಾಡದೆ.

ಬರೆದೆ. ಮೇಜಿಲ್ಲ, ಪಾವಿನ ಕ್ರೇಟು ಬೋರಲು.
ಮಾನ್ಯರೇ, ಹತ್ತರೊಳಗೆ ಇಪ್ಪತ್ತು ಹಿಡಿಯುವುದಿಲ್ಲ.
ಪಾಸಾದರೆ ಸಾಕೆಂದು ತಿದ್ದಿ.
ನನಗೊಬ್ಬಳಿಗಲ್ಲ, ಇಪ್ಪತ್ತಕ್ಕೂ ತಿದ್ದಿ.
ಆಮೇಲೆ ಸಹಿ ಮಾಡುತ್ತೇನೆ.
'ಬೇಡಿಕೊಳ್ಳುತ್ತೇನೆ' ಅಂತ ಬರೆದದ್ದನ್ನು
ಹೊಡೆದು ಹಾಕಿದೆ.
ಕಸ್ತೂರಿ ಫಕೀರಪ್ಪ ತಳವಾರ.

ಕಾಯ್ತಾನ್ ಮಾಮನ ಪತ್ರ ತಿರುಗಿ ಕೊಡಹೋದರೆ
ತೆಗೆದುಕೊಳ್ಳಲಿಲ್ಲ. "ಉತ್ತರ ಬರಲಿ," ಅಂದ,
ಭಟ್ಟಿಯೊಳಗೆ ಉದ್ದನೆಯ ಸಲಿಕೆ ಚಾಚುತ್ತ.

ಹೆಸರಿನ ಶಾಲೆಯ ಗಡುವು ಶುಕ್ರವಾರ.
ಇವತ್ತು ಬುಧವಾರ. ಅಲ್ಲೇ ಕೂತಿದ್ದೇನೆ,
ಒಲೆಯ ಬಿಸಿಗೆ ಬೆನ್ನು ಕೊಟ್ಟು.
ನಮ್ಮ ಓಣಿಗೆ ಮನೆ ನಂಬರಿಲ್ಲವೆಂದು
ಪೋಸ್ಟಿನವನು ಎಲ್ಲರ ಕಾಗದವನ್ನೂ
ಭಟ್ಟಿಯಲ್ಲೇ ಕೊಟ್ಟು ಹೋಗುತ್ತಾನೆ.