ಈರುಳ್ಳಿ ಸಿಪ್ಪೆ

ದಿನಾ ಸಂಜೆ ಅಮ್ಮ ಕಾಳು ಆರಿಸುತ್ತಿದ್ದಳು,
ಹತ್ತು ಬಿಳಿ, ಒಂದು ಕಪ್ಪು, ಮತ್ತೆ ಹತ್ತು ಬಿಳಿ.
ತುಟಿ ಅಲುಗದು. ತಗಡಿನ ತಟ್ಟೆಯ
ಈ ದಡದಿಂದ ಆ ದಡಕ್ಕೆ
ಒಂದೊಂದನ್ನೇ ದಾಟಿಸುವ ಬೆರಳು ಮಾತ್ರ.
ಗೋಡೆಯಾಚೆಯ ಹಜರಿಯೆ ಅಜ್ಜಿಗೆ ಗೊತ್ತಿತ್ತು,
ಅವಳೂ ಕದ್ದು ರೋಜಾ ಹಿಡಿಯುವವಳು.
ಸಮಿತಿಯವನು ಬೀದಿ ತಿರುವಿಗೆ ಬಂದರೆ
ಎರಡು ಸಲ ಕೆಮ್ಮುತ್ತಿದ್ದಳು, ಬೇಸಿಗೆಯಲ್ಲೂ.

ಐವತ್ತಮೂರು ನಮೋ ಮರಿಯಾ ಮುಗಿದ ಮೇಲೆ
ಎಲ್ಲವೂ ಪಾತ್ರೆಗೆ.
ಉಪ್ಪು, ಮೆಣಸಿನಪುಡಿ, ಇದ್ದರೆ ಎಣ್ಣೆ.
ಜಪಸರವನ್ನೇ ಬೇಯಿಸಿ ಉಂಡು
ನಾವು ಮಲಗುತ್ತಿದ್ದೆವು, ಷ್ಕೋದ್ರದಲ್ಲಿ.

ಇಗರ್ಜಿಯಲ್ಲಿ ಆಗ ವಾಲಿಬಾಲ್.
ಪೀಠವಿದ್ದಲ್ಲಿ ಬಲೆ.
ನನಗೆ ಜ್ಞಾನಸ್ನಾನವಾದದ್ದು ಅಡುಗೆಮನೆಯಲ್ಲಿ,
ಕಾಫಿ ಲೋಟದ ನೀರಲ್ಲಿ, ಪಾದ್ರಿ ಇಲ್ಲದೆ.
ಶಾಲೆಯ ಹಾಜರಿಯಲ್ಲಿ ನಾನು ಫ್ಲುತುರಾ.
ದೀಪ ಆರಿದ ಮೇಲೆ ಪ್ರೆಂದಾ.

ಆ ವರ್ಷದ ಈಸ್ಟರ್‌ಗೆ ಒಂದೇ ಮೊಟ್ಟೆ.
ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿದರೆ
ಹಳೆಯ ಇಟ್ಟಿಗೆಯ ಕೆಂಪು ಬರುತ್ತದೆ.
ಮೂರು ಪಾಲು ಮಾಡಿದಳು, ದಾರದಿಂದ ಕೊಯ್ದು.
ಚಿಪ್ಪನ್ನು ಪುಡಿಮಾಡಿ ಕೋಳಿಗೇ ಹಾಕಿದಳು,
ಸಾಕ್ಷಿ ಉಳಿಯಬಾರದು, ಎಂದಳು.

ಸೋಮವಾರ ಲಿರಿಯೆ ಟೀಚರ್, ಕೈ ತೋರಿಸಿ ಎಂದರು.
ಉಳಿದವರ ಉಗುರು ಬಿಳಿ.
ನನ್ನ ಹೆಬ್ಬೆರಳ ಅಂಚಿನಲ್ಲಿ ಕೂದಲೆಳೆಯಷ್ಟು ಕಂದು.
ಏನಿದು?
ಅಯೋಡಿನ್. ಬಿದ್ದಿದ್ದೆ.
ನಿಮ್ಮ ಮನೇಲಿ ದೇವರಿದ್ದಾನಾ?
ಇಲ್ಲ.
ಇದ್ದನಾ?
ಇಲ್ಲ.
ರಾತ್ರಿ ಅಮ್ಮ ಏನಾದರೂ ಗೊಣಗುತ್ತಾಳಾ?
ಇಲ್ಲ ಟೀಚರ್. ಕಾಳು ಆರಿಸುತ್ತಾಳೆ.
ಹತ್ತು ಬಿಳಿ ಒಂದು ಕಪ್ಪು.

ಹೇಳಿದ್ದೇನೆಂದು ಹೊಳೆದದ್ದು ಸೇತುವೆಯ ಮೇಲೆ.
ಬೂದಿ ತಿಕ್ಕಿ ತಿಕ್ಕಿ ಬೆರಳ ಚರ್ಮ ಎದ್ದಿತ್ತು.
ಮನೆಯಲ್ಲಿ ಅಳುತ್ತ ಎಲ್ಲ ಒಪ್ಪಿಸಿದೆ.
ಅಮ್ಮ ಸುಮ್ಮನಿದ್ದಳು. ಆಮೇಲೆ
ಮೂಗಿನ ತುದಿಯಲ್ಲಿ ನಗು ತಂದು,
ಕೋಳಿ ಕೂಗಿತಾ? ಎಂದಳು.
ನಮ್ಮಲ್ಲಿ ಇದ್ದದ್ದು ಹೇಂಟೆ ಒಂದೇ.
ಅದೂ ನಕ್ಕಂತೆ ಕೊಕ್ಕರಿಸಿತು.

ಹೊಗೆಸೊಪ್ಪಿನ ಕಾರ್ಖಾನೆಯ ಅಂಗಳದಲ್ಲಿ ಸಭೆ.
ಹಾಳೆಯಲ್ಲಿ ಒಂದೇ ಸಾಲು, ಕೆಳಗೆ ಸಹಿಗಳು.
ನ್ದುವೆ ಮಾವ ಹಾಕಿದ್ದ. ಹಾಕಿ, ಲಾರಿಯ ಹಿಂದೆ ಹೋಗಿ
ವಾಂತಿ ಮಾಡಿದ್ದ. ಅವನನ್ನು ದೂರಲಾರೆ.
ಅಮ್ಮ ಪೆನ್ನು ಹಿಡಿದಳು, ಕೆಳಗಿಟ್ಟಳು.
ನನ್ನ ಮಗಳು ಇಲ್ಲ ಅಂದಿದ್ದಾಳೆ, ಅವಳಿಗೆ ಒಂಬತ್ತು,
ಅವಳು ಅನ್ನಬಹುದು.
ನನಗೆ ಮೂವತ್ತನಾಲ್ಕು.
ನನಗೆ ನಾಚಿಕೆಯಾಗುತ್ತೆ, ಎಂದಳು.
ಅಷ್ಟೇ. ಭಾಷಣವಿಲ್ಲ.
ತಲೆಯ ವಸ್ತ್ರ ಬಿಗಿದುಕೊಂಡಳು, ಗಾಳಿಯಿತ್ತು.

ಎಂಟು ವರ್ಷ ಜೌಗು ನೆಲದಲ್ಲಿ ಕಾಲುವೆ ತೋಡಿದಳು.
ಎಂಟು ವರ್ಷ ನನ್ನ ಜಡೆ ಅಪ್ಪ ಹೆಣೆದ, ಓರೆಯಾಗಿ.
ಒಂದು ಸಹಿ. ಮಸಿ ಒಣಗಲು ಎಷ್ಟು ಹೊತ್ತು?
ಎಂದು ನಾನು ಅವಳನ್ನಲ್ಲ, ಅವನನ್ನು ಕೇಳುತ್ತಿದ್ದೆ,
ಮೊಳೆಯ ಗುರುತಷ್ಟೇ ಉಳಿದ ಗೋಡೆಯ ಕಡೆ ತಿರುಗಿ.
ಉತ್ತರ ಬರಲಿಲ್ಲ.
ಕೇಳುವುದನ್ನು ಬಿಡಲೂ ಆಗಲಿಲ್ಲ.

ಈಗ ಬಲೆ ಬಿಚ್ಚಿದ್ದಾರೆ. ಗಂಟೆ ಬಾರಿಸುತ್ತದೆ,
ಹಜರಿಯೆ ಅಜ್ಜಿಯ ಮೊಮ್ಮಗ ಬಾಂಗು ಕೂಗುತ್ತಾನೆ.
ಇಟಲಿಯ ಕನ್ಯಾಸ್ತ್ರೀ ಕೊಟ್ಟ ಗಾಜಿನ ಜಪಸರ
ಹೊಸ ಮೊಳೆಯಲ್ಲಿ ತೂಗುತ್ತಿದೆ.
ಜಾರುತ್ತೆ ಅದು, ಎನ್ನುತ್ತಾಳೆ ಅಮ್ಮ.
ಅವಳ ಎರಡು ಬೆರಳು ಮಡಚುವುದಿಲ್ಲ.
ಸಂಜೆಯಾದರೆ ತಗಡಿನ ತಟ್ಟೆಯೇ ಬೇಕು.

ಹತ್ತು ಬಿಳಿ, ಒಂದು ಕಪ್ಪು.
ಇವತ್ತು ನಡುವೆ ನಿಲ್ಲಿಸಿ,
ಒಂದು ಕಡಿಮೆಯಿದೆ ಪ್ರೆಂದಾ, ನೋಡು, ಎಂದಳು.
ಮಂಡಿಯೂರಿ
ಮೇಜಿನ ಕೆಳಗೆ
ಹುಡುಕುತ್ತಿದ್ದೇನೆ.