ಘಾಟು

ಕುಂದ್ರು ಫಕ್ಕೀರೇಶಿ, ಗಿರಣಿ ಬಂದ್ ಮಾಡತೇನಿ,
ಇಲ್ಲಾಂದ್ರ ಈ ಗದ್ದಲದಾಗ ನಿನಗೇನೂ ಕೇಳಂಗಿಲ್ಲ.
ಹನ್ನೊಂದು ವರ್ಷ, ದಿನಾ ನೂರು ರೂಪಾಯಿ ಪಿಗ್ಮಿ ಒಯ್ದಿ,
ಯಾಕ ಕೂಡಸ್ತಿ ಅಂತ ಒಂದು ದಿನಾನೂ ಕೇಳಲಿಲ್ಲ.
ಮಗಳ ಮದುವಿಗೆ ಅಂತ ನೀನ ತಿಳಕೊಂಡಿ.
ನನಗ ಮಗಳು ಎಲ್ಲಿ ಅದಾಳ?

ಧಾರವಾಡದಿಂದ ಬಂದ ಒಬ್ಬ ಮಾಸ್ತರ
ನಮ್ಮ ಬ್ಯಾಡಗಿ ಎಪಿಎಂಸಿಯಾಗ ನಿಂತು ಅಂದಿದ್ದ:
ಮೆಣಸಿನಕಾಯಿ ಇಲ್ಲಿದಲ್ಲ, ಹಡಗು ಹತ್ತಿ ಬಂದದ್ದು.
ಮಂದಿ ಚಾ ಕುಡಿಯಾಕ ಎದ್ದು ಹೋದರು.
ನಾ ಕುಂತೆ.
ಇಷ್ಟು ತಲಿಮಾರು ನಮ್ಮನಿ ಸಂಸಾರ ಮಾಡಿದಾಕಿ,
ಆಕಿ ತವರುಮನಿ ಯಾರೂ ನೋಡಿಲ್ಲಲ್ಲ ಅನಿಸ್ತು.

ಹುಬ್ಬಳ್ಯಾಗ ಕೊಪ್ಪೀಕರ ರೋಡಿನ ಟಿಕೀಟ ಹುಡುಗ
"ಕಾಶಿನೋ, ಚಾರ್‌ಧಾಮನೋ ಅಕ್ಕಾರ?" ಅಂದ.
ನಕಾಶದ ಮ್ಯಾಲ ಬೆರಳಿಟ್ಟೆ. ಪೆರು.
ಅಲ್ಲಿಂದ ಕೆಳಗ, ಕಡ್ಡಿಕಾಯಿ ಹಂಗ ಉದ್ದಕ
ಸಮುದ್ರದ ದಂಡಿಗೆ ಜೋತು ಬಿದ್ದ ದೇಶ.
"ಅದು ಚಿಲಿ" ಅಂದ.
"ಹೌದಲ್ಲ, ನಾ ಬ್ಯಾಡಗಿಯಾಕಿ" ಅಂದೆ.
ಅವಗ ತಿಳೀಲಿಲ್ಲ.

ಬಸ್ಸಲ್ಲ, ಲಾರಿ. ಕಿಟಕಿ ಕೊರದು ಸೀಟು ಕೂಡಿಸಿದ್ರು.
ಹದಿನಾಲ್ಕು ಮಂದಿ, ಭಾಂಡೆ ತಿಕ್ಕೂದು ಪಾಳಿ ಮ್ಯಾಲ.
ಕಸ್ತೂರೆವ್ವ ಅನ್ನಾಕ ಬರದ "ಕಸ್, ಕಸ್" ಅಂತಿದ್ರು.
ಕಸ ಅಂದ್ರೇನು ಅಂತ ನಾ ಹೇಳಲಿಲ್ಲ,
ಆ ನಗೀ ನನಗೊಬ್ಬಾಕಿಗೇ ಇರಲಿ ಅಂತ.

ಎಡಕ್ಕ ಉಸುಕು, ಬಲಕ್ಕ ಸಮುದ್ರ,
ನಡುವ ಬೈತಲಿ ತಗದಂಗ ರೋಡು.
ಬಿಸಿಲು ಸುಡತೈತಿ ಅನಕೊಂಡಿದ್ದೆ. ಥಂಡಿ!
ಮುಂಜಾನೆ ನೀರಿನ ಕಡಿಂದ ಮಂಜು ಎದ್ದು ಬರೂದು,
ಮಳಿ ಮಾತ್ರ ಹನಿ ಬೀಳಂಗಿಲ್ಲ.
ಎಷ್ಟು ವರ್ಷಾತು ಅಂತ ಅಲ್ಲಿಯವರಿಗೂ ಲೆಕ್ಕ ತಪ್ಪೇತಿ.
ಉಳದವರು ಅಯ್ಯೋ ಅಂದ್ರು.
ನನ್ನ ಬಾಯಾಗ ಬಂದದ್ದು, ಎಂಥಾ ಕಣ!
ಫೆಬ್ರುವರಿಯಾಗ ಮ್ವಾಡ ಕಟ್ಟಿದ್ರ
ತಾಡಪತ್ರಿ ಹೊತ್ತು ಓಡೂ ಮಂದಿ ನಾವು.

ಆರನೇ ದಿನ ಉಸುಕಿನ ನಡುವ ಕೆಂಪು.
"ನಿಲ್ಲಸೋ" ಅಂತ ಕನ್ನಡದಾಗ ಒದರಿದೆ. ನಿಲ್ಲಿಸಿದ.
ಎಕರೆಗಟ್ಟಲೆ ಹಾಸ್ಯಾರ ಫಕ್ಕೀರೇಶಿ,
ಬರೇ ಉಸುಕಿನ ಮ್ಯಾಲ, ಚಾಪಿ ಇಲ್ಲ, ಕಾವಲಿಲ್ಲ.
ನಮ್ಮ ಡಬ್ಬಿಗಿಂತ ದಪ್ಪ, ಸುಕ್ಕು ಕಡಿಮಿ,
ಬಣ್ಣ ಒಂದೀಟು ಕಪ್ಪಿಗೆ ತಿರುಗಿದ್ದು.
ದೊಡ್ಡ ಟೋಪಿಯಾಕಿ ಒಬ್ಬಾಕಿ ಕಾಲಿಲೆ ಹೊರಳಸಾಕ ಹತ್ತಿದ್ದಳು.

ನಮ್ಮ ಲಾರಿ ಮಂದಿ ಇಳದ್ರು ನೋಡು,
ಜರ್ಮನಿ ನರ್ಸಬಾಯಿ, ಕೊರಿಯಾದ ಹುಡುಗ,
ಯಾವಾಗಲೂ ಜಗಳಾಡೂ ಆ ಅಣ್ಣತಮ್ಮರು,
ಕೆಮ್ಮಿದ್ದ ಕೆಮ್ಮಿದ್ದು, ಸೀನಿದ್ದ ಸೀನಿದ್ದು,
ಮೂಗು ಹಿಡಕೊಂಡು ಹೊಳ್ಳಿ ಲಾರಿ ಹತ್ತಿದ್ರು.
ಆಕಿ ಕೆಮ್ಮಲಿಲ್ಲ.
ನಾನೂ ಕೆಮ್ಮಲಿಲ್ಲ.
ಆವಾಗ ಆಕಿ ತಲಿ ಎತ್ತಿ ನನ್ನ ನೋಡಿದ್ಲು.

ಒಂದು ಕಾಯಿ ಆರಿಸಿ ಕಿವೀ ಹತ್ರ ಹಿಡದು ಅಲ್ಲಾಡಿಸಿದೆ.
ಬೀಜ ಇನ್ನೂ ಮಾತಾಡತಿದ್ದಿಲ್ಲ.
ಆಕಿ ಎರಡು ಬೆರಳು ಎತ್ತಿದ್ಲು.
ಹೌದು, ಎರಡು ದಿನ, ಅಂದೆ ನಾನು.
ಅಷ್ಟ. ಮತ್ತೇನೂ ಮಾತಾಗಲಿಲ್ಲ.
ಹೋಗೂಮುಂದ ನನ್ನ ಬೆರಳ ತುದಿ ತಿರುವಿ ನೋಡಿ
ಒಂದು ಮುಷ್ಟಿ ಒಣಗಿದ್ದು ಸೆರಗಿನಾಗ ಹಾಕಿದ್ಲು.

ಚಿಲಿ ದೇಶದ ಗಡ್ಯಾಗ ಮೆಣಸಿನಕಾಯಿ ಕಸಗೊಂಡ್ರು!
ಬೀಜ, ಕಾಯಿ, ಏನೂ ಒಳಗ ಬಿಡಂಗಿಲ್ಲಂತ.
ಎಣಿಸಿ, ಚೀಟಿ ಬರದು, ಡಬ್ಬಿಗೆ ಒಗದ್ರು.
ಅವತ್ತು ರಾತ್ರಿ ಟೆಂಟಿನಾಗ ಮರತು ಕಣ್ಣು ತಿಕ್ಕಿದೆ.
ಉರೀತು, ಬೆಳತನಕ.
ಹೊರಗ ಚಿಕ್ಕಿ, ಹರವಿದಂಗ.

ಬುಕ್ಕು ಹೊಸಾದು ತಂದೀ? ತಗೋ, ನೂರು.
ಏ, ಸೀನಬ್ಯಾಡ, ಅಕ್ಷರ ಕಲಸಿ ಹೋಗತಾವ.
ಯಾಕ ಅಂತ ಈಗರ ಕೇಳತಿ ಏನು?